ಹಾರ್ಲನ್ನರ ತಾಮ್ರದ ಪಾತ್ರೆ

ಗುರುಕಿರಣ ಮಾಡಿದ ತಪ್ಪು ಒಂದೇ. ಎಪ್ಪತ್ತು ವರ್ಷ ಹಳೆಯ ತಾಮ್ರದ ಪಾತ್ರೆಯೊಂದನ್ನು ಫೋರ್ ಎಸ್ ರ್ಯಾಂಚ್ ಬಡಾವಣೆಯ ಅರುಂಧತಿ ಆಂಟಿಯ ಅಡುಗೆಮನೆಯಲ್ಲಿಟ್ಟು ನೆಮ್ಮದಿಯಾಗಿ ಮಲಗಿದ್ದು.

ಅಮೆರಿಕದ ಗೃಹಬಳಕೆ ವಸ್ತುಗಳ ವಿನ್ಯಾಸದ ಚರಿತ್ರೆ ಅವನ ಪಿಎಚ್‌.ಡಿ. ವಿಷಯ. ಆ ಪಾತ್ರೆಯನ್ನು ರೂಪಿಸಿದ ಹಾರ್ಲನ್, ತೊಂಬತ್ತೆರಡರ ಮುದುಕರು, ಲಾಸ್ ಏಂಜಲೀಸಿನಲ್ಲಿದ್ದರು. "ಫೋಟೊ ತೆಗೆದು ಇದ್ದ ಹಾಗೇ ವಾಪಸ್ ತಾ. ಆಮೇಲೆ ನಕ್ಷೆಗಳನ್ನೆಲ್ಲ ಕೊಡ್ತೀನಿ" ಎಂದು ಫೋನಿನಲ್ಲಿ ಹೇಳಿ ಪಾತ್ರೆಯನ್ನು ಪಾರ್ಸೆಲ್ ಮಾಡಿದ್ದರು; ಒಬ್ಬರನ್ನೊಬ್ಬರು ನೋಡಿರಲಿಲ್ಲ. ಆ ನಕ್ಷೆಗಳು ಸಿಗದಿದ್ದರೆ ಅವನ ನಾಲ್ಕು ವರ್ಷದ ಓದು ನೀರಿನಲ್ಲಿ ಹೋಮ.

ಬೆಳಿಗ್ಗೆ ಎದ್ದು ಬಂದರೆ ಪಾತ್ರೆ ಮದುಮಗನ ಹಾಗೆ ಥಳಥಳಿಸುತ್ತಿತ್ತು. ತಳಕ್ಕೆ ಅಂಟಿದ್ದ ಹಾರ್ಲನ್ನರ ಕೈಬರಹದ ಚೀಟಿ ಹುಣಸೆಹಣ್ಣಿನ ಜೊತೆ ಸಿಂಕಿನ ಪಾಲಾಗಿತ್ತು. ಒಳಗೆ ಬಿಸಿಬಿಸಿ ಕೇಸರಿಬಾತು!

"ಆಂಟೀ! ಇದನ್ನ ಮುಟ್ಟಬೇಡಿ ಅಂದಿದ್ನಲ್ಲಾ!"

"ಕಿಲುಬು ಹಿಡಿದಿತ್ತಪ್ಪ, ಉಜ್ಜಿದೆ. ಒಳಗಿನ ಕಲಾಯಿ ಚೆನ್ನಾಗಿತ್ತು. ಇಸ್ಕೊಂಡು ಬಂದ ಪಾತ್ರೆನ ಯಾರಾದ್ರೂ ಖಾಲಿ ವಾಪಸ್ ಕೊಡ್ತಾರಾ?"

ಕಾಫಿ ಹಿಡಿದು ಬಂದ ಪಕ್ಕದ ಮನೆಯ ನರಹರಿ ಅಂಕಲ್ ಕೇಳದೆಯೇ ಸಲಹೆ ಕೊಟ್ಟರು. "ಶೂ ಪಾಲಿಶ್ ಹಚ್ಚು, ಮತ್ತೆ ಕಪ್ಪಾಗತ್ತೆ."

ಹಚ್ಚಿದ. ಪಾತ್ರೆಯ ಒಂದು ಕೆನ್ನೆಗೆ ಬಂಗು ಬಂದಂತಾಯಿತು. ಕೇಸರಿಬಾತನ್ನು ಚೆಲ್ಲಲು ಆಂಟಿ ಬಿಡಲಿಲ್ಲ. ಸಾಲದ್ದಕ್ಕೆ, ಲಾಸ್ ಏಂಜಲೀಸಿನ ಪಕ್ಕದ ಕ್ಯಾಲಬಾಸಸ್ ದೇವಸ್ಥಾನಕ್ಕೂ ಹೋದ ಹಾಗಾಯಿತೆಂದು ತಾವೂ ಕಾರು ಹತ್ತಿದರು.

ಹಾರ್ಲನ್ ಬಾಗಿಲಲ್ಲೇ ಮುಚ್ಚಳ ತೆಗೆದರು. ಏಲಕ್ಕಿ ಘಮ್ಮೆಂದಿತು. "ಯಾರು ಮಾಡಿದ್ದು ಇದು?"

ಗುರುಕಿರಣನಿಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. "ನಾನಲ್ಲ ಸರ್" ಎಂದು ಇಂಗ್ಲಿಷಿನಲ್ಲಿ ತೊದಲಿದ. "ಈಕೆ ನಮ್ಮ ಅಡುಗೆಯವಳು. ಪಾಪ, ಓದು ಬರಹ ಬರಲ್ಲ."

ಕಾರ್ಲ್ಸ್‌ಬಾಡಿನ ಕಂಪನಿಯಲ್ಲಿ ಇಪ್ಪತ್ತು ವರ್ಷ ಎಂಜಿನಿಯರ್ ಆಗಿದ್ದ ಆಂಟಿ ಅವನನ್ನೊಮ್ಮೆ ನೋಡಿದರು, ಅಷ್ಟೇ. ವಾರವಾರವೂ ಊಟ ಹಾಕಿದ ಕೈಯನ್ನೇ ಕಚ್ಚಿದೆನಲ್ಲ ಎಂದು ಅವನ ಕಿವಿ ಕೆಂಪಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹಾರ್ಲನ್ ಬೆರಳಲ್ಲೇ ಒಂದು ತುತ್ತು ತಿಂದರು. ಕಣ್ಣು ತುಂಬಿ ಬಂತು. "ಅಡುಗೆಗೆ ಅಂತ ಮಾಡಿದ ಪಾತ್ರೆ ಇದು. ಎಲ್ಲರೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದ್ರು. ಇವತ್ತು ಮೊದಲ ಸಲ ಒಬ್ಬರು ಅಡುಗೆ ಮಾಡಿದ್ದಾರೆ! ಒಳಗೆ ಬನ್ನಿ ತಾಯಿ."

ಆಂಟಿ ಒಳಗೆ ಹೋದರು. ಬಾಗಿಲು ಮುಚ್ಚಿತು. "ಸರ್, ಸಕ್ಕರೆ ಅಳೆದು ಕೊಟ್ಟಿದ್ದು ನಾನೇ" ಎಂದು ಗುರುಕಿರಣ ಬಾಗಿಲಿಗೆ ಹೇಳಿದ. ಅದೂ ಸುಳ್ಳೇ.

ಅವನು ಮೂರು ಗಂಟೆ ಕಾರಿನಲ್ಲಿ ಕಾದ ಮೇಲೆ ಆಂಟಿ ನಕ್ಷೆಗಳ ಕಟ್ಟು ಕಂಕುಳಲ್ಲಿಟ್ಟುಕೊಂಡು ಬಂದರು.

"ಎಲ್ಲಾ ನನ್ನ ಹೆಸರಿಗೇ ಬರ್ಕೊಟ್ರು. ನಾನು ಎಂಜಿನಿಯರ್ ಅಂದಿದ್ದಕ್ಕೆ, ಇದರ ಮೇಲೆ ಪುಸ್ತಕನೂ ನೀವೇ ಬರೀರಿ ಅಂದ್ರು."

"ಆಂಟೀ... ನನ್ನ ಬಗ್ಗೆ ಏನಾದ್ರೂ?"

"ಕೇಳಿದ್ರಪ್ಪ, ಆ ಹುಡುಗ ಇದನ್ನೇ ಓದ್ತಿರೋನು ಅಲ್ವಾ, ಒಳಗೆ ಕರೀಲಾ ಅಂತ. ಅಲ್ಲ ಸರ್, ಅವನು ನಮ್ಮ ಡ್ರೈವರ್ ಅಂದೆ" ಎಂದು ಆಂಟಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.