ಭೂತಕಾಲದಲ್ಲಿ ಹೊರಟ ಕುರ್ಚಿಗಳು

ಕಾಲ ಕೆಟ್ಟುಹೋಯಿತೆಂದು ಹಿರಿಯರು ಹೇಳುವಾಗ ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನನ್ನ ಮಟ್ಟಿಗೆ ಮೂರೂ ಕಾಲಗಳು ಕೆಟ್ಟಿವೆ. ಭಿವಂಡಿಯ ಒಂದು ಕುರ್ಚಿ ಗೋದಾಮಿನಲ್ಲಿ ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವುದು ನನ್ನ ಕೆಲಸ. ನಾನೋ, 'ದಿನಾ ಬರುತ್ತೇನೆ', 'ನಾಳೆ ಬರುತ್ತೇನೆ' ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಮುಗಿಸಿ ಬೆಳೆದವನು. ಡೊಂಬಿವಲಿಯ ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ ಸೋಫಾದಿಂದ ಏಳದೆಯೇ "ಬಂದೆ" ಎನ್ನುತ್ತೇನೆ. ಅದು ಯಾವ ಕಾಲವೆಂದು ಅವಳಿಗೆ ಮಾತ್ರ ಗೊತ್ತು.

ಕಲ್ಯಾಣದಲ್ಲಿ ಸಣ್ಣ ಹಾಲ್ ನಡೆಸುವ ದೇಶಮುಖ ಮೇಡಂ ಹೊಸ ಕುರ್ಚಿಗಳಿಗೆ ಆರ್ಡರ್ ಕೊಟ್ಟಿದ್ದರು. ಅವು ತಲುಪಬೇಕಿದ್ದ ದಿನ ಬೆಳಿಗ್ಗೆ ಅಲ್ಲಿ ಯಾರದೋ ಮಗುವಿನ ನಾಮಕರಣ. ನಮ್ಮ ಟೆಂಪೊ ಓಡಿಸುವ ಕಲಬುರಗಿಯ ಬಸಪ್ಪನಿಗೆ ಫೋನ್ ಮಾಡಿ, ಎಲ್ಲಿದ್ದೀಯ ಎಂದೆ.

"ಕಲ್ಯಾಣ ಮುಟ್ಟಿದ್ವಿ ತಗೋರಿ ಸರ್!"

ಸಂತೋಷದಿಂದ ನಾನು 'ಹ್ಯಾವ್ ರೀಚ್ಡ್' ಎಂದು ಮೇಡಂಗೆ ಬರೆದು ಕಳಿಸಿದೆ. ವ್ಯಾಕರಣದಲ್ಲಿ ಒಂದೂ ತಪ್ಪಿರಲಿಲ್ಲ. ಲೋಕಲ್ ಟ್ರೇನಿನಲ್ಲಿದ್ದ ಮೇಡಂ ಅದನ್ನೋದಿ, ಹಾಲಿನಲ್ಲಿದ್ದ ಬಾಡಿಗೆ ಕುರ್ಚಿಗಳನ್ನು ಒಯ್ಯಲು ಅವುಗಳ ಮಾಲೀಕನಿಗೆ ಫೋನಿನಲ್ಲೇ ಹೇಳಿಬಿಟ್ಟರು.

ಸ್ವಲ್ಪ ಹೊತ್ತಿಗೆ ಅವರ ಫೋನ್ ಬಂತು. "ಅಹೋ, ಖುರ್ಚ್ಯಾ ಕುಠೆ ಆಹೇತ?" ಕುರ್ಚಿಗಳೆಲ್ಲಿ? ಮಗುವಿನ ಅಜ್ಜಿ ಅಡುಗೆಯ ಕೊಳಗ ಬೋರಲು ಹಾಕಿ ಅದರ ಮೇಲೆ ಕೂತಿದ್ದಾರಂತೆ. ಬಾಣಂತಿಗೆ ಅದೂ ಇಲ್ಲ.

ನಾನು ಹೊರಗೋಡಿದೆ. ಟೆಂಪೊ ನಮ್ಮ ಗೇಟಿನ ಎದುರಿಗೇ ನಿಂತಿತ್ತು. ಬಸಪ್ಪ ಚಹಾ ಕುಡಿಯುತ್ತಿದ್ದ.

"ಮುಟ್ಟಿದ್ವಿ ಅಂದ್ಯಲ್ಲೋ!"

"ಮುಟ್ಟಿದಂಗ ಅಲ್ಲೇನ್ರಿ ಸರ್? ಹೊರಡೂದೊಂದ ಬಾಕಿ."

ಚಹಾ ಮುಗಿಸಲೂ ಬಿಡದೆ ಅವನನ್ನು ಹೊರಡಿಸಿದೆ. ಅವನ ಪಕ್ಕದಲ್ಲೇ ಹತ್ತಿ ಕೂತೆ. ದಾರಿಯುದ್ದಕ್ಕೂ ಮೇಡಂ ಫೋನ್ ಮಾಡುತ್ತಲೇ ಇದ್ದರು. ಭಯದಲ್ಲಿ ನಾನೂ ಒಮ್ಮೆ "ಬಂದ್ವಿ" ಎಂದು ನಾಲಿಗೆ ಕಚ್ಚಿಕೊಂಡೆ. ಹಾಲಿನಲ್ಲಿ ನೆಂಟರೆಲ್ಲ ಗೋಡೆಗೊರಗಿ ನಿಂತಿದ್ದರು. ಮೊದಲ ಕುರ್ಚಿಯನ್ನು ನಾನೇ ಹೊತ್ತು ತಂದು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಬಾಣಂತಿಗೆ ಹಾಕಿದೆ. ಅವಳು ಕೂತಾಗ ಹೊದಿಕೆ ಚರಚರ ಸದ್ದು ಮಾಡಿತು. ಅಳುತ್ತಿದ್ದ ಮಗು ಬೆರಗಾಗಿ ಸುಮ್ಮನಾಯಿತು. ಅಜ್ಜಿ ನಕ್ಕರು. ಮೇಡಂ ನಗಲಿಲ್ಲ.

ಕ್ಷಮೆ ಕೇಳಿ ಬರಿ ಎಂದರು ನಮ್ಮ ಸಾಹೇಬರು. ಮತ್ತೆ ತಲೆ ಕೆಟ್ಟಿತು. 'ವಿ ರಿಗ್ರೆಟ್' ಎಂದರೆ ದಿನಾ ವಿಷಾದಿಸುವುದೇ ನಮ್ಮ ದಂಧೆ ಎಂದಂತೆ. 'ರಿಗ್ರೆಟೆಡ್' ಎಂದರೆ ವಿಷಾದ ಮುಗಿದು ಆರಾಮಾಗಿದ್ದೇವೆ ಎಂದಂತೆ. ಭೂತಕಾಲದಿಂದ ಸಾಕಷ್ಟು ಪೆಟ್ಟು ತಿಂದಿದ್ದೆ. ಭವಿಷ್ಯವೇ ಕ್ಷೇಮವೆಂದು 'ವಿ ವಿಲ್ ರಿಗ್ರೆಟ್' ಎಂದು ಬರೆದು ಕಳಿಸಿದೆ.

ಮೇಡಂ ತಕ್ಷಣ ಫೋನ್ ಮಾಡಿದರು.

"ಠೀಕ್ ಹೈ. ಲೇಕಿನ್ ಕಬ್?" ಸರಿ, ಆದರೆ ಯಾವಾಗ?

ಮಾಲು ಯಾವಾಗ ಎಂದವರಿಗೆಲ್ಲ ಒಂದೇ ಉತ್ತರ ಕೊಟ್ಟ ಇಷ್ಟು ವರ್ಷಗಳ ಅಭ್ಯಾಸ ನೋಡಿ. "ಎರಡು ದಿನದೊಳಗೆ, ಮೇಡಂ" ಎಂದುಬಿಟ್ಟೆ.