ಹಾಗಿಂಗ್ ಆದರೆ ಮುರಿಯುತ್ತೆ

ಚಿಂತೆ ಮಾಡುವುದಕ್ಕೆ ಸಂಬಳ ಕೊಡುವ ಉದ್ಯೋಗಗಳು ಲೋಕದಲ್ಲಿ ಕಡಿಮೆ. ಅಂಥದ್ದೊಂದು ನನಗೆ ಸಿಕ್ಕಿದೆ. ಹಡಗಿನ ಮೈಕಟ್ಟು ಅಲೆಗಳ ಹೊಡೆತ ತಡೆಯುತ್ತದೋ ಇಲ್ಲವೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಕಚೇರಿ ಕರಾವಳಿಯಲ್ಲಿದೆ, ನಾನು ಹಾಸನದ ಮನೆಯಲ್ಲೇ ಕೂತಿರುತ್ತೇನೆ. ಪರದೆಯ ಮೇಲೆ ಒತ್ತಡ ಹೆಚ್ಚಾದ ಕಡೆ ಕೆಂಪು ಬಣ್ಣ ಬರುತ್ತದೆ. ಅದನ್ನು ನೋಡಿ ನೋಡಿ ನನಗೀಗ ನಮ್ಮ ಮನೆಯ ಅಟ್ಟ, ಸಿಟಿ ಬಸ್ಸಿನ ಮೆಟ್ಟಿಲು, ಛತ್ರದ ಪ್ಲಾಸ್ಟಿಕ್ ಕುರ್ಚಿ ಎಲ್ಲವೂ ಕೆಂಪಗೇ ಕಾಣುತ್ತವೆ. ಶೆಟ್ಟಿಹಳ್ಳಿಗೆ ಹೋದಾಗ ಎಲ್ಲರೂ ಹಿನ್ನೀರಿನ ಪಾಳು ಚರ್ಚಿನ ಮುಂದೆ ಫೋಟೊ ತೆಗೆಸಿಕೊಂಡರೆ, ನಾನು ಆ ಗೋಡೆ ಯಾವ ಕಡೆಗೆ ಬೀಳಬಹುದೆಂದು ಅಂದಾಜು ಮಾಡಿ, ಅದರ ವಿರುದ್ಧ ದಿಕ್ಕಿನಲ್ಲಿ ಬುತ್ತಿ ಬಿಚ್ಚಿಸಿದ್ದೆ.

ಇಂಥವನ ಮಗಳು ಸಿಂಧುವನ್ನು ನೋಡಲು ಕಳೆದ ಭಾನುವಾರ ಗಂಡಿನವರು ಬಂದರು. ಹುಡುಗ ಅರಕಲಗೂಡಿನಲ್ಲಿ ದನದ ಡಾಕ್ಟರು. ಅವನೂ ಇವಳೂ ಮೊದಲೇ ಪರಿಚಯವಾಗಿ, ಒಪ್ಪಿಯೂ ಆಗಿತ್ತು. ಬಾಕಿ ಇದ್ದದ್ದು ಕೊಣನೂರಿನ ಅವನ ದೊಡ್ಡಪ್ಪನ ಒಪ್ಪಿಗೆ. ಆ ಮನೆಯಲ್ಲಿ ಅವರು ಹೂಂ ಅಂದರೆ ಮಾತ್ರ ಹೂಂ. "ಇವತ್ತೊಂದು ದಿನ ನೀವು ಬಾಯಿ ಬಿಡಬೇಡಿ" ಎಂದು ಹೆಂಡತಿ ಬೆಳಗ್ಗೆಯೇ ಹೇಳಿದ್ದಳು. ನಾನು ಬಿಡುತ್ತಲೂ ಇರಲಿಲ್ಲ. ಕೇಸರಿಬಾತು ತಟ್ಟೆಗೆ ಬೀಳುವ ಹೊತ್ತಿಗೆ ಕಚೇರಿಯಿಂದ ಫೋನ್ ಬಂತು. ಒಂದು ಹಳೆಯ ಹಡಗನ್ನು ಮಾರನೆಯ ದಿನವೇ ಸಮುದ್ರಕ್ಕೆ ಬಿಡಬೇಕೆಂದು ಅದರ ಮಾಲೀಕರ ಒತ್ತಾಯವಂತೆ. ನಾನು ಪಕ್ಕದ ಕೋಣೆಗೆ ಹೋದೆ.

ಇಲ್ಲೊಂದು ಮಾತು ಹೇಳಬೇಕು. ದೊಡ್ಡ ಅಲೆಯೊಂದು ಹಡಗಿನ ನಡುವನ್ನು ಎತ್ತಿ, ಎರಡು ತುದಿಗಳು ಜೋತುಬಿದ್ದು, ಬೆನ್ನು ಉಬ್ಬುವುದಕ್ಕೆ ನಮ್ಮ ಕಸುಬಿನವರು ‘ಹಾಗಿಂಗ್’ ಎನ್ನುತ್ತಾರೆ. ಕರಾವಳಿಯಲ್ಲಿ ಈ ಪದದಿಂದ ಯಾರಿಗೂ ತೊಂದರೆಯಾಗಿಲ್ಲ. ಹಾಸನದ ಕಡೆ ಹಂಗಿಂಗೆ ಎನ್ನುವುದಕ್ಕೆ ಹಾಗೆ ಹೀಗೆ, ಏನಾದರೂ ಹೆಚ್ಚುಕಮ್ಮಿ ಎಂಬ ಬೇರೆಯೇ ಅರ್ಥವಿದೆ ಎಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಕೋಣೆಯ ಕಿಟಕಿ ನಡುಮನೆಗೇ ತೆರೆದಿದೆ ಎಂಬುದೂ ಹೊಳೆಯಲಿಲ್ಲ.

"ಹಾಗಿಂಗ್ ಆದ್ರೆ ಮುರಿಯುತ್ತೆ ಕಣ್ರೀ!" ಎಂದು ನಾನು ಕೂಗಿದೆ. "ನೋಡೋಕೆ ಲಕ್ಷಣವಾಗಿದೆ, ನಿಜ. ಆದ್ರೆ ನಡು ಗಟ್ಟಿಯಿಲ್ಲ. ಬಣ್ಣ ಬಳಿದು ದಾಟಿಸಿಬಿಡೋಣ ಅಂದ್ರೆ ನಾನು ಒಪ್ಪಲ್ಲ. ಆಮೇಲೆ ನಮ್ಮ ತಲೆಗೇ ಬರುತ್ತೆ!"

ಹೊರಗೆ ಬಂದೆ. ದೊಡ್ಡಪ್ಪ ತಟ್ಟೆ ಕೆಳಗಿಟ್ಟಿದ್ದರು.

"ಏನ್ ಸಾ, ಅಂಗಿಂಗಾದ್ರೆ ಮುರೀತದೆ ಅಂತೀರಲ್ಲ. ಇನ್ನೂ ಮಾತೇ ಶುರುವಾಗ್ನಿಲ್ಲ, ಆಗ್ಲೇ ಮುರಿಯೋ ಮಾತಾ? ಎಣ್ಮಗೀಗೆ ಸೊಂಟದ ನೋವೇನಾರಾ ಐತಾ? ಇದ್ರೆ ಏಳ್ಬುಡಿ."

ಹೆಂಡತಿ ನನ್ನನ್ನು ನೋಡಿದ ನೋಟವನ್ನು ಯಾವ ಉಕ್ಕೂ ತಡೆಯಲಾರದು. ಸಿಂಧು ಅಡುಗೆಮನೆಯ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದಳು. ನಾನು ಗಾಬರಿಯಲ್ಲಿ ತಟ್ಟೆಯ ಬಾಳೆಹಣ್ಣು ತೆಗೆದುಕೊಂಡು, "ಇದು ಹಡಗು ಅಂತ ಇಟ್ಕೊಳ್ಳಿ" ಎಂದು ಮಗುಚಿ ಹಾಕಿದ ಲೋಟದ ಮೇಲಿಟ್ಟು, ಎರಡೂ ತುದಿ ಒತ್ತಿದೆ. ಹಣ್ಣು ಸರಿಯಾಗಿ ನಡುವಿಗೆ ಮುರಿಯಿತು. ಗಂಡಿನ ಕಡೆಯ ಹೆಂಗಸೊಬ್ಬರು "ಶಿವ ಶಿವಾ" ಎಂದರು.

ಕೊನೆಗೆ ಮಾತಾಡಿದವಳು ಸಿಂಧು. "ದೊಡ್ಡಪ್ಪಾ, ಅದು ಯಾವುದೋ ಹಡಗಿನ ಸಮಾಚಾರ. ಅಪ್ಪನಿಗೆ ಕಂಡದ್ದೆಲ್ಲ ಮುರಿಯೋ ಹಾಗೇ ಕಾಣುತ್ತೆ. ನೀವು ಕೂತಿರೋ ಸೋಫಾ ತಡೆಯಲ್ಲ ಅಂತ ಬೆಳಗ್ಗೆ ಅದರಡಿ ಇಟ್ಟಿಗೆ ಕೊಟ್ಟಿದ್ದಾರೆ, ಬೇಕಾದ್ರೆ ನೋಡಿ."

ದೊಡ್ಡಪ್ಪ ಬಗ್ಗಿ ನೋಡಿದರು. ಇಟ್ಟಿಗೆಗಳಿದ್ದವು. ಅವರು ನಗತೊಡಗಿದರು, ಸೋಫಾ ಅಲುಗಾಡಿತು, ಇಟ್ಟಿಗೆ ಹಿಡಿದು ನಿಲ್ಲಿಸಿತು. ಕಣ್ಣೊರೆಸಿಕೊಂಡು, "ಎಣ್ಣು ಗಟ್ಟಿಯಾಗವ್ಳೆ ಬುಡಿ, ಮಾತಲ್ಲೇ ಗೊತ್ತಾಯ್ತು. ನಮ್ ಕಡೆಯಿಂದ ಊಂ. ಅಂಗೇ ನಮ್ ಉಡುಗನ್ನೂ ಒಸಿ ನೋಡ್ಬುಡಿ ಸಾ, ಇವ್ನು ತಡೀತಾನಾ?" ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಗ ಬೆವರುತ್ತಿದ್ದ. ಸಿಂಧು ನನ್ನ ಬಾಯನ್ನೇ ನೋಡುತ್ತಿದ್ದಳು.

"ತಡೀತಾನೆ" ಎಂದುಬಿಟ್ಟೆ.

ಒಂದು ಸಣ್ಣ ಲೆಕ್ಕವನ್ನೂ ಮಾಡದೆ ನಾನು ಏನನ್ನಾದರೂ ಪಾಸು ಮಾಡಿದ್ದು ಇದೇ ಮೊದಲು. ತಾಂಬೂಲ ಬದಲಾಯಿತು, ಎಲ್ಲರೂ ಹಗುರಾದರು, ನಾನೊಬ್ಬ ಭಾರವಾದೆ. ಅವರೆಲ್ಲ ಹೋದ ಮೇಲೂ ನಾನು ಆ ಹುಡುಗನ ಬಗ್ಗೆ ಯೋಚಿಸುತ್ತ ಕೂತದ್ದನ್ನು ಕಂಡು ಹೆಂಡತಿ, "ಅಯ್ಯೋ, ಅವನು ಅಳಿಯ ಕಣ್ರೀ, ಹಡಗಲ್ಲ!" ಎಂದು ರೇಗಿದಳು.

ನನ್ನ ಚಿಂತೆಯೂ ಅದೇ. ಹಡಗಾಗಿದ್ದರೆ ಡ್ರಾಯಿಂಗ್ ಆದರೂ ಇರುತ್ತಿತ್ತು.