ಕರೆದಾಗ ಬರತಕ್ಕದ್ದು

ಬೆಳಿಗ್ಗೆ ಐದೂವರೆಗೆ ದಿಂಬಿನ ಕೆಳಗೆ ಫೋನು ಗುರುಗುಟ್ಟಿತು. ಕೊಟ್ರಬಸಪ್ಪನಿಗೆ ಆ ಸದ್ದು ಈಗೀಗ ಸೊಸೆಗೆ ಅತ್ತೆಯ ಕೆಮ್ಮಿದ್ದಂತೆ. ಕೇಳಿದ ಕೂಡಲೇ ಏಳಲೇಬೇಕು.

"ಚರಂಡಿ ಕೆಲ್ಸ ಐತಿ, ಎರಡು ತಾಸು. ಕಾಲು ತಾಸಿನೊಳಗ ಬಾ," ಎಂದ ಪುರಸಭೆಯ ಮೇಸ್ತ್ರಿ ಗೋವರ್ಧನ.

ಆಂಧ್ರದ ಗಡಿಯಲ್ಲಿ, ರಾಯದುರ್ಗದ ಆಚೆಯ ಕರಿಬಂಡೆ ಪುರಸಭೆ ಹೊಸ ಪದ್ಧತಿ ಹೂಡಿತ್ತು. ಕಾಯಂ ಕೆಲಸಗಾರರು ಬೇಡ. ನಲವತ್ತು ಜನರ ಹೆಸರು ಬರೆದಿಟ್ಟುಕೊಂಡು, ಬೇಕಾದಾಗ ಬೇಕಾದಷ್ಟು ತಾಸಿಗೆ ಫೋನು. ಕಚೇರಿ ಗೋಡೆಯ ಮೇಲೆ ತೆಲುಗಿನ ದಪ್ಪ ಅಕ್ಷರಗಳಲ್ಲಿ ಬರೆಸಿದ್ದರು: 'ಕರೆದಾಗ ಬರತಕ್ಕದ್ದು.' ಒಂದು ಸಲ ತಪ್ಪಿದರೆ ಹೆಸರಿಗೆ ಗೀಟು. "ಹೆಸರು ಉಳಿಸ್ಕೊಂಡೋರ್ನ ಮುಂದ ಪರ್ಮನೆಂಟ್ ಮಾಡ್ತಾರಂತ," ಎಂದು ಪಕ್ಕದ ಮನೆಯ ನಾಗಕ್ಕ ಕಂಡವಳಂತೆ ಹೇಳಿದ್ದಳು. ಆ ಒಂದು ಮಾತಿಗೇ ಕೊಟ್ರಬಸಪ್ಪ ಓಡುತ್ತಿದ್ದ.

ಓಡಿದ. ಎರಡು ಸಲಿಕೆಗೆ ಒಂಬತ್ತು ಜನ ಬಂದಿದ್ದರು. "ಮೊದ್ಲು ಬಂದೋರಿಗಷ್ಟೇ ಕೆಲ್ಸ. ಉಳಿದೋರು ಹೋಗ್ರಿ," ಎಂದ ಗೋವರ್ಧನ.

ಅಲ್ಲಿಂದ ನೇರ ಗಂಗಾಧರಪ್ಪನ ಜೀನ್ಸ್ ಶೆಡ್ಡಿಗೆ. ಅಲ್ಲಿ ಸಾಲಾಗಿ ಆರು ಮಿಷಿನ್ನು: ಒಬ್ಬರು ಜೇಬು ಹೊಲಿದು ಮುಂದೆ ತಳ್ಳಬೇಕು, ಕೊಟ್ರಬಸಪ್ಪ ಝಿಪ್ಪು ಹಾಕಬೇಕು, ಆಮೇಲೆ ಎರ್ರಮ್ಮ ಸೊಂಟಪಟ್ಟಿ. ಅವನೊಬ್ಬ ಎದ್ದರೆ ಸಾಲೇ ನಿಲ್ಲುತ್ತದೆ. ಹತ್ತೂವರೆಗೆ ಮತ್ತೆ ಫೋನು: ಗಿಡಕ್ಕೆ ನೀರು ಬಿಡಬೇಕು, ಬಾ. ಹೋದರೆ, ಟ್ಯಾಂಕರಿನ ಡ್ರೈವರನೂ ಫೋನು ಮಾಡಿ ಕರೆಸುವವನೇ, ಅವನು ಬಂದಿರಲಿಲ್ಲ. ಒಂದು ತಾಸು ಬಿಸಿಲಲ್ಲಿ ಕಾಯಿಸಿ ಬರಿಗೈಯಲ್ಲಿ ಕಳಿಸಿದರು.

ವಾಪಸು ಬಂದಾಗ ಅವನ ಮಿಷಿನ್ನಿನ ಪಕ್ಕ ಝಿಪ್ಪಿಲ್ಲದ ಪ್ಯಾಂಟುಗಳು ನೀರಿನಿಂದ ತೆಗೆದ ಮೀನಿನಂತೆ ಬಾಯಿ ಬಿಟ್ಟುಕೊಂಡು ಗುಡ್ಡೆ ಬಿದ್ದಿದ್ದವು.

"ಬರ್ರಿ ಕಲೆಕ್ಟರ್ ಸಾಹೇಬ್ರ!" ಎಂದ ಗಂಗಾಧರಪ್ಪ. "ಇನ್ನೊಂದು ಸಲ ಎದ್ದಿ ಅಂದ್ರ ಈ ಮಿಷಿನ್ ದಾರ ಕತ್ತರಿಸೋ ಹೇಮಶ್ರೀಗೆ!"

ಹನ್ನೆರಡು ವರ್ಷ ಕೂತ ಮಿಷಿನ್ನು. ಕೊಟ್ರಬಸಪ್ಪ ತಲೆ ತಗ್ಗಿಸಿ ಝಿಪ್ಪು ಹಾಕತೊಡಗಿದ. ಮೂರು ಗಂಟೆಗೆ, ಸೌಕಾರ ಊಟಕ್ಕೆ ಹೋದಾಗ, ಫೋನು ಮತ್ತೆ ಬಡಿದುಕೊಂಡಿತು.

"ನಾನೇನು ಮನುಷ್ಯಾನಾ, ಬೀದಿ ದೀಪಾನಾ? ಬೇಕಂದಾಗ ಹಚ್ಚಿ ಬ್ಯಾಡಂದಾಗ ಆರಿಸಾಕ!" ಎಂದು ಫೋನಿಗೆ ಕೂಗಿದ. "ಬರ್ತೀನಿ ಇರು. ದುಡಿಯಾಕಲ್ಲ, ಜಗಳಾಡಾಕ!"

ಶೆಡ್ಡಿಗೆ ಶೆಡ್ಡೇ ಅವನ ಸುತ್ತ ಸೇರಿತು. ಅಳತೆ ಕಾಗದದ ಹಿಂದೆ ಅರ್ಜಿ ತಯಾರಾಯಿತು.

"ಕೊಟ್ರಣ್ಣಾ, ನಮ್ಮ ನಳದಾಗ ನೀರು ಬರವಲ್ದು, ಅದ್ನೂ ಸೇರಿಸು," ಎಂದಳು ಎರ್ರಮ್ಮ.

"ನಂದೇ ನನಗ ಸಾಕಾಗೈತಿ ಮಾರಾಯ್ತಿ!" ಎನ್ನುತ್ತಲೇ ಅದನ್ನೂ ಬರೆದುಕೊಂಡು ಹೊರಟ.

ಪುರಸಭೆಯ ಅರ್ಜಿ ಕಿಟಕಿಯ ಮುಂದೆ ಇಪ್ಪತ್ತು ಜನ ಕಿರುಚುತ್ತಿದ್ದರು. ಒಳಗೆ ಕುರ್ಚಿ ಖಾಲಿ. ಅವನು ಬಾಯಿ ತೆರೆಯುವ ಮೊದಲೇ ಗೋವರ್ಧನ ರಟ್ಟೆ ಹಿಡಿದು ಎಳೆದ.

"ಬಂದ್ಯಾ? ಕೂಡು! ಅರ್ಜಿ ತಗೊಳ್ಳೋ ಕೆಲ್ಸಾನೂ ಈಗ ಫೋನಿನ ಮ್ಯಾಲೆನೇ. ನಿನ್ನ ಕರೆದಿದ್ದೇ ಇದಕ್ಕ. ಸೀಲು ಒತ್ತು, 'ವಿಚಾರ ಮಾಡ್ತೀವಿ, ನಾಳೆ ಬರ್ರಿ' ಅನ್ನು. ಎರಡು ತಾಸು."

ಕೊಟ್ರಬಸಪ್ಪ ಮೊದಲು ತನ್ನದೇ ಅರ್ಜಿ ತೆಗೆದು, ಮೇಜು ಕುಣಿಯುವಂತೆ ಸೀಲು ಗುದ್ದಿದ. ಆಮೇಲೆ ಇಪ್ಪತ್ತು ಜನರ ಬೈಗುಳ ತಿಂದು ಇಪ್ಪತ್ತು ಸಲ "ನಾಳೆ ಬರ್ರಿ" ಎಂದ.

ಸಾಲಿನ ಕೊನೆಯಲ್ಲಿ ಗಂಗಾಧರಪ್ಪ! ಕೈಯಲ್ಲಿ ಅರ್ಜಿ: 'ನನ್ನ ಝಿಪ್ಪಿನ ಕೆಲಸಗಾರನನ್ನು ಪುರಸಭೆ ಪದೇ ಪದೇ ಎಬ್ಬಿಸಿಕೊಂಡು ಹೋಗುತ್ತಿದೆ.'

"ಸೌಕಾರ್ರ, ಕೈ ಮುಗೀತೀನಿ. ನನ್ನ ಮಿಷಿನ್ ಯಾರಿಗೂ ಕೊಡಬ್ಯಾಡ್ರಿ. ಈ ಹೊತ್ತಿಗೇ ಪುರಸಭೆ ಸಹವಾಸ ಮುಗೀತು. ನಾಳಿಂದ ಕೂತಲ್ಲಿಂದ ಏಳಂಗಿಲ್ಲ."

ಗಂಗಾಧರಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಕೊಟ್ರಬಸಪ್ಪನ ತಲೆಯ ಮೇಲಿನ ಗೋಡೆಬರಹವನ್ನು ಒಮ್ಮೆ ಓದಿದ, ಇನ್ನೊಮ್ಮೆ ಓದಿದ. ಇಸ್ತ್ರಿ ಎಳೆದಂತೆ ಮುಖದ ಸಿಟ್ಟೆಲ್ಲ ಹೋಯಿತು. ಅರ್ಜಿಯನ್ನು ಹರಿದು ಜೇಬಿಗಿಟ್ಟುಕೊಂಡ.

"ಎಂಥಾ ಚಂದದ ಪದ್ಧತಿ! ನನಗ ಹೊಳೀಲೇ ಇಲ್ಲ ನೋಡು. ನಾಳಿಂದ ನೀನೂ ಬರಬ್ಯಾಡ, ಹೇಮಶ್ರೀನೂ ಬರೋದು ಬ್ಯಾಡ. ಝಿಪ್ಪಿನ ಮಾಲು ಬಂದಾಗ ಫೋನ್ ಮಾಡ್ತೀನಿ. ಯಾರು ಮೊದ್ಲು ಬರ್ತೀರೋ ಅವರಿಗೆ ಮಿಷಿನ್."

ಆ ಸೀಲನ್ನು ಸೌಕಾರನ ಹಣೆಗೇ ಒತ್ತಬೇಕೆಂದು ಕೊಟ್ರಬಸಪ್ಪ ಎದ್ದುನಿಂತ. ಅಷ್ಟರಲ್ಲಿ ಗೋವರ್ಧನ ಬಾಗಿಲಲ್ಲಿ ಇಣುಕಿದ.

"ಸಾಲು ಮುಗೀತಲ್ಲ? ಸೀಲು ಇಟ್ಟು ಹೋಗು. ಅರ್ಧ ತಾಸಿಂದಷ್ಟೇ ಕೂಲಿ ಬರ್ಕೊಂತೀನಿ."